ಬಿರಪ್ಪನ ರಸ್ಸಾ, ಸುವರ್ಣಾಳ ವೈನು, ನನ್ನ ಮೂಗು

ನಾನು ನಿಂತಿದ್ದು ಬಿರಪ್ಪನ ಅಡುಗೆಮನೆಯ ಹೊಸ್ತಿಲಿನ ಹೊರಗೆ, ಹಿತ್ತಲ ಕಡೆ, ಎಡಗಾಲು ಬಟ್ಟೆ ಒಗೆಯುವ ಕಲ್ಲಿಗೆ ತಾಗುವಷ್ಟು ಹತ್ತಿರದಲ್ಲಿ. ಊರು ಇಚಲಕರಂಜಿ. ವಾರ ರವಿವಾರ. ಹೊತ್ತು ಸಂಜೆ ಐದು ಗಂಟೆ ನಲವತ್ತು ನಿಮಿಷ. ಚಳಿ ಮುಗಿಯುತ್ತ ಬಂದಿತ್ತು, ಎದುರು ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಾವು ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. ಆರಕ್ಕೆ ಮನೆಯಲ್ಲಿ ತಾಟು ಹಾಕಿರುತ್ತಾರೆ. ಐದೂವರೆಯಾದ ಮೇಲೆ ನಾನು ಎಲ್ಲಿದ್ದರೂ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತೇನೆ. ಆಗ ತಾನೇ ನೋಡಿದ್ದೆ.

ನನ್ನ ಬಲಗೈಯಲ್ಲಿ ಕಾಲುಳ್ಳ ಒಂದು ಗಾಜಿನ ಲೋಟವಿತ್ತು. ಅದರಲ್ಲಿ ಎರಡು ಬೆರಳಷ್ಟು ಕೆಂಪು ವೈನು. ನಾನು ಅದನ್ನು ಕುಡಿಯುವವನಲ್ಲ, ಮೂಸುವವನು.

ಆ ದಿನ ಬಿರಪ್ಪ ನನ್ನನ್ನು ಒಂದು ಮಾತು ಕೇಳಿದ. ನಾನು ಉತ್ತರ ಕೊಟ್ಟೆ. ಆ ಉತ್ತರ ಸುಳ್ಳಾಗಿತ್ತು. ಅದನ್ನು ಅವನ ಮಗಳಿಗೆ ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಹೇಳಬೇಕಾದದ್ದು ಇಷ್ಟೇ. ಆದರೆ ಒಬ್ಬ ಜೈನ ಮನುಷ್ಯ, ಅರವತ್ತರ ಮೇಲಿನವನು, ಕೈಯಲ್ಲಿ ವೈನು ಹಿಡಿದು ಮಟನ್ ಬೇಯುವ ಮನೆಯ ಹಿತ್ತಲಲ್ಲಿ ಏಕೆ ನಿಂತಿದ್ದ ಎಂಬುದನ್ನು ಮೊದಲು ಹೇಳದಿದ್ದರೆ ನೀವು ಮುಂದಿನದನ್ನು ನಂಬಲಿಕ್ಕಿಲ್ಲ.

ನಾನು ನಲವತ್ತು ವರ್ಷ ಸೈಜಿಂಗ್ ಮಾಸ್ತರ ಆಗಿದ್ದವನು. ಸೈಜಿಂಗ್ ಎಂದರೆ ಹಾಸಿನ ನೂಲಿಗೆ ಗಂಜಿ ಕುಡಿಸುವ ಕೆಲಸ. ಗಂಜಿ ಕುಡಿಯದ ನೂಲು ಮಗ್ಗದ ಮೇಲೆ ನಿಲ್ಲುವುದಿಲ್ಲ, ಪಟಪಟ ಹರಿಯುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ಪಿಷ್ಟ, ಹುಣಸೆ ಬೀಜದ ಪುಡಿ, ಒಂದಿಷ್ಟು ಎಣ್ಣೆ ಹಾಕಿ ಉಗಿಯಲ್ಲಿ ಕುದಿಸುತ್ತಾರೆ. ಅದು ಹದಕ್ಕೆ ಬಂತೇ, ನಿನ್ನೆ ಉಳಿದದ್ದು ಹುಳಿತಿದೆಯೇ ಎಂಬುದನ್ನು ಮೂಗು ಹೇಳಬೇಕು. ನನ್ನ ಮೂಗು ಹೇಳುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂರನೆಯ ಕೊಪ್ಪರಿಗೆ ಕೆಟ್ಟಿದೆ ಎಂದು ನಾನು ಹೇಳಿದ್ದುಂಟು.

ಇದು ಕಲಿತ ವಿದ್ಯೆಯಲ್ಲ. ನಾನು ಹುಟ್ಟಿದ್ದು ಉದಗಾಂವದಲ್ಲಿ, ಕಬ್ಬಿನ ಹೊಲದ ನಡುವೆ. ಬೆಲ್ಲದ ಗಾಣ ಹೂಡಿದಾಗ ಅಪ್ಪ ನನ್ನನ್ನು ಒಲೆಯಿಂದ ಹತ್ತು ಮಾರು ದೂರ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂಡಿಸುತ್ತಿದ್ದ. ಪಾಕದ ವಾಸನೆ ಮೊದಲು ಹಸಿ ಹುಲ್ಲಿನಂತಿರುತ್ತದೆ, ಆಮೇಲೆ ಹಾಲಿನಂತೆ, ಆಮೇಲೆ ಹುರಿದ ಕಡಲೆಯಂತೆ. ಹುರಿದ ಕಡಲೆ ಬಂದ ಕೂಡಲೇ ನಾನು "ಆತು" ಎಂದು ಕೂಗಬೇಕು. ಒಲೆಯ ಮುಂದೆ ಕೂತವರು ಹೊಗೆಯಲ್ಲಿ ಮೂಗು ಕಟ್ಟಿಕೊಂಡಿರುತ್ತಾರೆ, ಅವರಿಗೆ ತಿಳಿಯುವುದಿಲ್ಲ. ಎಂಟು ವರ್ಷಕ್ಕೇ ನನ್ನ ಮಾತಿನ ಮೇಲೆ ಕೊಪ್ಪರಿಗೆ ಇಳಿಸುತ್ತಿದ್ದರು. ನನ್ನ ಸೊಕ್ಕು ಅಲ್ಲಿಂದಲೇ ಶುರುವಾಗಿರಬೇಕು.

ಬಿರಪ್ಪ ಅದೇ ಕಾರಖಾನೆಯ ಹಿಂದಿನ ಶೆಡ್ಡಿನಲ್ಲಿ ಜಾಬರ್, ಕೆಟ್ಟ ಮಗ್ಗ ಸರಿಮಾಡುವವನು. ಗಡಹಿಂಗ್ಲಜದ ಕಡೆಯ ಕುರುಬರ ಮನೆತನ. ಅವನ ತಮ್ಮಂದಿರು ಇಂದಿಗೂ ಕುರಿ ಕಾಯುತ್ತಾರೆ. ನಮ್ಮಿಬ್ಬರ ಮನೆಗಳ ನಡುವೆ ಒಂದು ಗೋಡೆ, ಒಂದು ಸಣ್ಣ ಸಂದಿ. ಅವನಿಗೆ ನಶ್ಯದ ಚಟ. ಡಬ್ಬಿ ತೆಗೆದು ಚಿಟಿಕೆ ಏರಿಸದೆ ಹತ್ತು ನಿಮಿಷ ಕಳೆಯುತ್ತಿರಲಿಲ್ಲ. ಅವನ ಮೂಗು ಎಂದೋ ಸತ್ತಿತ್ತು. ಹಾಗಾಗಿ ಅಡುಗೆ ಮಾಡುವಾಗ ಮಸಾಲೆ ಹತ್ತಿತೇ, ಎಣ್ಣೆ ಮುಗ್ಗಿತೇ, ಹಾಲು ಒಡೆಯಿತೇ ಎಂದು ಗೋಡೆಯ ಮೇಲಿಂದ ನನ್ನನ್ನು ಕರೆದು ಕೇಳುತ್ತಿದ್ದ. ನಾವಿಬ್ಬರೂ ಗಟ್ಟಿಯಾಗಿ ಮಾತನಾಡುವವರು. ನಲವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ಇದ್ದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

ಅವನೊಂದು ನೇಮ ಇಟ್ಟುಕೊಂಡಿದ್ದ. ಮಟನ್ ಮಾಡುವ ದಿನ ನಮ್ಮ ಮನೆಯ ಕಡೆಗಿನ ಕಿಟಕಿಯನ್ನು ಮುಚ್ಚಿ, ಅದರ ಸಂದಿಗೆ ಹಳೆಯ ಧೋತರದ ತುಂಡು ತುರುಕುತ್ತಿದ್ದ. ನಾವು ಹೇಳಿದ್ದಲ್ಲ. ಅವನ ತಂದೆಯೂ ಹಾಗೆಯೇ ಮಾಡುತ್ತಿದ್ದನಂತೆ. "ನಿಮ್ಮ ಊಟದ ಹೊತ್ತಿಗೆ ನಮ್ಮ ನಾತ ಬರಬಾರದು," ಎನ್ನುತ್ತಿದ್ದ. ನಾನು ಅವನ ಹಿತ್ತಲಲ್ಲೇ ನಿಂತು ಅದೇ ವಾಸನೆ ಎಳೆದುಕೊಳ್ಳುತ್ತಿದ್ದೆ. ಅದು ಇಬ್ಬರಿಗೂ ತಮಾಷೆ ಅನ್ನಿಸಿರಲಿಲ್ಲ. ನಾನು ಹೊಸ್ತಿಲು ದಾಟುತ್ತಿರಲಿಲ್ಲ, ಅವನು ಕಿಟಕಿ ತೆರೆಯುತ್ತಿರಲಿಲ್ಲ. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿದಿತ್ತು.

ವೈನು ಬಂದದ್ದು ಸುವರ್ಣಾಳಿಂದ. ಬಿರಪ್ಪನ ಒಬ್ಬಳೇ ಮಗಳು. ಕೊಲ್ಹಾಪುರದ ಒಂದು ಹೋಟೆಲಿನಲ್ಲಿ ಊಟದ ವಿಭಾಗ ನೋಡಿಕೊಳ್ಳುತ್ತಾಳೆ. ಯಾವ ಊಟಕ್ಕೆ ಯಾವ ವೈನು ಎಂಬುದನ್ನು ಅಲ್ಲಿ ಅವಳಿಗೆ ಕಲಿಸಿದ್ದರು. ಶನಿವಾರ, ರವಿವಾರ ರಜೆ ಸಿಕ್ಕಾಗ ಬಸ್ಸಿನಲ್ಲಿ ಬರುವಳು, ಚೀಲದಲ್ಲಿ ಟವೆಲ್ ಸುತ್ತಿದ ಒಂದು ಬಾಟಲಿ, ಬರೆದುಕೊಳ್ಳಲು ಒಂದು ವಹಿ.

"ಕಾಕಾ, ಅವರ ಪುಸ್ತಕದಾಗ ಮೀನ ಐತಿ, ಚೀಜ್ ಐತಿ, ಏನೇನೋ ಐತಿ. ನಮ್ಮ ಝುಣಕಾ ಎಲ್ಲೈತ್ರಿ? ಪಾಂಢರಾ ರಸ್ಸಾ ಎಲ್ಲೈತ್ರಿ? ನಾನs ಬರೀತೇನಿ," ಎಂದಳು.

ಅಪ್ಪನಿಗೆ ಮೂಗಿಲ್ಲ. ಅವ್ವ ಲಗಮವ್ವ ಸ್ಟೀಲಿನ ವಾಟಿಯಲ್ಲಿ ಒಂದು ಗುಟುಕು ಕುಡಿದು, "ಹುಳಿ ನೀರ ಇದು. ಮಜ್ಜಿಗಿ ಇದ್ದರ ಕೊಡ," ಎಂದಳು. ಉಳಿದವನು ನಾನು. ಸುವರ್ಣಾ ಹೊಸ್ತಿಲಿನ ಒಳಗಿಂದ ಲೋಟ ಚಾಚಿದಳು.

"ಕುಡೀಬ್ಯಾಡ್ರಿ ಕಾಕಾ. ಮೂಸಿ ಹೇಳ್ರಿ, ಸಾಕು."

ಬಿರಪ್ಪ ನಕ್ಕ. "ಬಾಯಿಲೆ ಕುಡಿಯಾರನ್ನ ಭಾಳ ನೋಡೇನಿ. ಮೂಗಿಲೆ ಕುಡಿಯಾಂವ ಇವನೊಬ್ಬನs."

ನಾನು ಮೂಸಿದೆ. ಹಸಿ ಪೇರಲ ಕಾಯಿ, ಅದರ ಹಿಂದೆ ಒಂದಿಷ್ಟು ಸುಣ್ಣ ಬಳಿದ ಹೊಸ ಗೋಡೆ. ಹಾಗೆಯೇ ಹೇಳಿದೆ. ಸುವರ್ಣಾ ಪೆನ್ನು ಹಿಡಿದು ಬರೆದುಕೊಂಡಳು. ಹೋಟೆಲಿನ ಗುರುಗಳು ಹೇಳಿದ ಯಾವುದೋ ವಿಲಾಯತಿ ಹಣ್ಣಿಗಿಂತ ಇದು ತನಗೆ ತಿಳಿಯುತ್ತದೆ ಎಂದಳು. ಮನೆಗೆ ಬಂದು ಹೆಂಡತಿ ಪದ್ಮಾವತಿಗೆ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ, "ನಾಲಿಗಿಗೆ ನೇಮ ಐತಿ. ಮೂಗಿಗೆ ಯಾರ ಕೊಡಬೇಕ್ರಿ ನೇಮಾ?" ಎಂದಳು. ಅಂದಿನಿಂದ ಅಲ್ಲಿಂದ ಬಂದವನು ಮುಖ ತೊಳೆದು ಅಂಗಿ ಬದಲಿಸಿದ ಮೇಲೆಯೇ ತಾಟಿನ ಮುಂದೆ ಕೂಡಬೇಕು ಎಂದಾಯಿತು.

ಹೀಗೆ ಎರಡು ವರ್ಷ ನಡೆಯಿತು. ಶನಿವಾರ ಅವರ ಮನೆಯಲ್ಲಿ ಮಟನ್ ಇಲ್ಲ. ರೊಟ್ಟಿ, ಕಡಲೆಹಿಟ್ಟಿನ ಝುಣಕಾ, ಮಡಕಿ ಕಾಳು. ಅದಕ್ಕೆ ಗುಲಾಬಿ ಬಣ್ಣದ್ದು ಹೊಂದುತ್ತದೆ ಎಂದು ಗೊತ್ತು ಮಾಡಿದೆವು. ರವಿವಾರ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ, ಕೆಂಪು ಸಾರು ಮತ್ತು ಬಿಳಿ ಸಾರು. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಎಂಬುದು ಬಿರಪ್ಪನ ಸಿದ್ಧಾಂತ. ಸಂಕೇಶ್ವರದ ಮೆಣಸಿನಕಾಯಿ ಹಾಕಿದ ತಾಂಬಡಾದ ಜೊತೆ ಗಡಸು ಕೆಂಪು ವೈನು ಕುಡಿದು ಅವನ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. "ಮೆಣಸಿನಕಾಯಿ ಮ್ಯಾಲ ಮತ್ತೊಂದ ಮೆಣಸಿನಕಾಯಿ ತಿಂದಂಗಾತಲ್ಲೇ," ಎಂದ. ಖಾರಕ್ಕೆ ತಣ್ಣನೆಯ, ತುಸು ಸಿಹಿ ಇರುವ ಬಿಳಿ ವೈನೇ ಸರಿ ಎಂದು ಸುವರ್ಣಾ ಬರೆದಳು. ತೆಂಗಿನ ಹಾಲು, ಎಳ್ಳು, ಗಸಗಸೆಯ ಪಾಂಢರಾಕ್ಕೆ ಮಾತ್ರ ಬಿರಪ್ಪನ ಮಾತು ನಿಂತಿತು, ಬಿಳಿಗೆ ಬಿಳಿ. ಅದೊಂದನ್ನು ಅವನು ವರ್ಷವೆಲ್ಲ ಹೇಳಿಕೊಂಡು ತಿರುಗಿದ.

ನಾನು ರುಚಿ ನೋಡಿದವನಲ್ಲ, ವೈನನ್ನೂ ಅಲ್ಲ, ರಸ್ಸಾವನ್ನೂ ಅಲ್ಲ. ಆದರೂ ಇದಕ್ಕಿದು ಹೊಂದುತ್ತದೆ ಎಂದು ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಹೇಳಿದೆ. ಮದುವೆಯಾಗದವನು ಜಾತಕ ನೋಡಿದ ಹಾಗೆ ಎಂದು ಪದ್ಮಾವತಿ ಹೇಳುತ್ತಿದ್ದಳು.

ಆಮೇಲೆ ಒಂದು ಮಳೆಗಾಲ ನನಗೆ ಜ್ವರ ಬಂತು. ಎಂಟು ದಿನ ಮಲಗಿದೆ. ಒಂಬತ್ತನೆಯ ದಿನ ಕೆಲಸಕ್ಕೆ ಹೋದೆ. ಎರಡನೆಯ ಕೊಪ್ಪರಿಗೆಯ ಮೇಲೆ ಬಗ್ಗಿ ಹದ ನೋಡುತ್ತಿದ್ದೆ. ತಲೆ ಎತ್ತಿ ನೋಡಿದರೆ ಸುತ್ತ ನಿಂತ ನಾಲ್ಕು ಜನ ಮೂಗಿಗೆ ಬಟ್ಟೆ ಹಿಡಿದಿದ್ದರು. ಮೂರು ದಿನದ ಗಂಜಿ ಕೊಳೆತು ನಾರುತ್ತಿತ್ತು. ನನಗೆ ಏನೂ ಇರಲಿಲ್ಲ, ಬರೀ ಬಿಸಿ ಹಬೆ. ಆಗ ನಾನು ಮಾಡಿದ್ದನ್ನು ಸರಿಯಾಗಿ ಹೇಳಬೇಕು. ಹೆಗಲ ಮೇಲಿನ ಟವೆಲ್ ತೆಗೆದು ನಾನೂ ಮೂಗಿಗೆ ಹಿಡಿದೆ. ಮುಖ ಕಿವುಚಿದೆ. "ಚೆಲ್ಲರಿ ಇದನ್ನ," ಎಂದೆ. ಮೊದಲ ಸುಳ್ಳು ಅದು. ಎರಡು ವಾರದಲ್ಲಿ ಮಾಲಕರಿಗೆ ಮೊಣಕಾಲು ನೋವೆಂದು ಹೇಳಿ ಕೆಲಸ ಬಿಟ್ಟೆ. ಮೊಣಕಾಲು ಇಂದಿಗೂ ಚೆನ್ನಾಗಿದೆ.

ಡಾಕ್ಟರರಿಗೆ ತೋರಿಸಿದೆ. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ ಎಂದರು. ನನಗೆ ಬರಲಿಲ್ಲ. ಮನೆಯಲ್ಲಿಯೂ ಹೇಳಲಿಲ್ಲ. ಎಂಟು ವರ್ಷದವನಿದ್ದಾಗಿನಿಂದ ಜನ ನನ್ನನ್ನು ಕೇಳಿದ್ದು ಒಂದೇ ವಿಷಯ. ಅದು ಹೋಯಿತೆಂದರೆ ಇನ್ನು ನನ್ನನ್ನು ಏನು ಕೇಳುತ್ತಾರೆ ಎಂಬ ಹೆದರಿಕೆ. ಬಿರಪ್ಪನ ಹಿತ್ತಲೊಂದೇ ನನ್ನ ಮೂಗಿಗೆ ಉಳಿದ ನೌಕರಿ. ಅಲ್ಲಿಗೆ ಹೋಗುತ್ತಲೇ ಇದ್ದೆ. ಲೋಟ ಅಲ್ಲಾಡಿಸುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ಬಣ್ಣ ನೋಡಿ ನೆನಪಿನಿಂದ ಏನಾದರೂ ಹೇಳುತ್ತಿದ್ದೆ. ವಿಚಿತ್ರವೆಂದರೆ, ವಾಸನೆ ಬರುತ್ತಿದ್ದಾಗ ನಾನು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಬರದೇ ಹೋದ ಮೇಲೆ ಮಾತು ಬೆಳೆಯಿತು. ಸುವರ್ಣಾ ಇನ್ನೂ ಹುರುಪಿನಿಂದ ಬರೆದುಕೊಂಡಳು. "ಈಗೀಗ ನೀವು ಭಾಳ ಛಲೋ ಹೇಳಾಕತ್ತೀರಿ ಕಾಕಾ," ಎಂದಳು ಒಂದು ದಿನ. ನಾನು ಖುಷಿಪಟ್ಟೆ. ಅದನ್ನೂ ಹೇಳಬೇಕು, ನಿಜವಾಗಿ ಖುಷಿಪಟ್ಟೆ.

ಈಗ ಆ ರವಿವಾರಕ್ಕೆ ಬರುತ್ತೇನೆ.

ಐದೂವರೆಗೆ ಬಿರಪ್ಪ ಗೋಡೆಯಾಚೆಯಿಂದ ಕರೆದ. ಸುವರ್ಣಾಳ ಬಸ್ಸು ಕೊಲ್ಹಾಪುರದಿಂದ ಹೊರಟು ಕೊರೋಚಿಯ ಹತ್ತಿರ ಬಂದಿದೆ ಎಂದು ಫೋನಾಗಿತ್ತು. ಹಿಂದಿನ ವಾರ ಅವಳು ಇಟ್ಟುಹೋದ ಕೆಂಪು ಬಾಟಲಿಯನ್ನು ತಾನು ಬರುವ ಮೊದಲೇ ತೆರೆದಿಡಬೇಕೆಂದು ಹೇಳಿದ್ದಳು. ಬಿರಪ್ಪ ತೆರೆದಿದ್ದ. ತಾಂಬಡಾ ಮುಗಿಸಿ ಕೆಳಗಿಳಿಸಿ ಮುಚ್ಚಿದ್ದ. ಗ್ಯಾಸಿನ ಮೇಲೆ ಪಾಂಢರಾ ಒಂದೇ ಇತ್ತು. ಕಿಟಕಿ ಮುಚ್ಚಿತ್ತು, ಧೋತರದ ತುಂಡು ಸಂದಿಯಲ್ಲಿತ್ತು. ಲಗಮವ್ವ ಮಾಳಿಗೆಯ ಮೇಲೆ ಒಣಗಿದ ಮೆಣಸಿನಕಾಯಿ ತುಂಬುತ್ತಿದ್ದಳು. ಮಾಳಿಗೆಯ ಮೆಟ್ಟಿಲು ಹಿತ್ತಲಿಗೇ ಇಳಿಯುತ್ತದೆ, ನಾನು ನಿಂತ ಜಾಗಕ್ಕೆ ಬೆನ್ನ ಹಿಂದೆ.

ಬಿರಪ್ಪ ಹೊಸ್ತಿಲಿಗೆ ಬಂದು ಲೋಟ ಕೊಟ್ಟ. ಒಲೆಗೆ ಬೆನ್ನು ಹಾಕಿ ನಿಂತ. ನಾನು ಮೂಸಿದಂತೆ ಮಾಡಿದೆ.

"ಹಣ್ಣಾದ ನೇರಲ. ಅದರ ಹಿಂದ ಮಳಿಗೆ ತೊಯ್ದ ಕಂಬಳಿ," ಎಂದೆ.

"ಕಂಬಳಿ ಅಂದರ ನಮ್ಮಪ್ಪಂದೋ, ಪ್ಯಾಟ್ಯಾಂದೋ?"

"ನಿಮ್ಮಪ್ಪಂದs."

"ಹಂಗಾರ ಮಟನಿಗೆ ಹೊಂದತೈತಿ ಬಿಡು. ಕುರಿ ಒಳಗ, ಕಂಬಳಿ ಮ್ಯಾಲ."

ಇಬ್ಬರೂ ನಕ್ಕೆವು. ಅವನು ನಶ್ಯ ಏರಿಸಿದ. ಅವನ ತಮ್ಮ ಗಡಹಿಂಗ್ಲಜದಿಂದ ಯಾವಾಗ ಬರುತ್ತಾನೆ, ಈ ಸಲ ಉಣ್ಣೆಯನ್ನು ಕೇಳುವವರೇ ಇಲ್ಲ, ಹೀಗೆ ಮಾತು ನಡೆಯಿತು. ಹತ್ತು ನಿಮಿಷವಾಗಿರಬೇಕು, ಏಕೆಂದರೆ ಗಡಿಯಾರದಲ್ಲಿ ನಲವತ್ತು ಕಂಡೆ. ಆ ಹೊತ್ತಿನೊಳಗೆ ಪಾಂಢರಾ ಉಕ್ಕಿ, ಒಲೆಯ ಮೇಲೆ ಚೆಲ್ಲಿ, ಉರಿ ಆರಿತ್ತು. ಬಿರಪ್ಪ ತಿರುಗಿ ನೋಡಿದ.

"ಆರೇತಲ್ಲೋ ಇದು," ಎಂದ. ಒಲೆಯ ಹತ್ತಿರ ಹೋಗಿ ಲೈಟರ್ ಕೈಗೆತ್ತಿಕೊಂಡ. ಆಮೇಲೆ ನನ್ನ ಕಡೆ ನೋಡಿ, "ಪಾಯಣ್ಣಾ, ಗ್ಯಾಸಿನ ನಾತ ಏನರ ಬರಾಕತ್ತೈತೇನ ನೋಡು," ಎಂದ.

ನಾನು ಹೊಸ್ತಿಲಿನ ಮೇಲಿಂದ ಮುಖ ಒಳಗೆ ಚಾಚಿದೆ. ಎರಡು ಸಲ ಉಸಿರೆಳೆದೆ, ಹಿಂದಿನಂತೆಯೇ.

"ಏನೂ ಇಲ್ಲ. ಹಚ್ಚು," ಎಂದೆ.

ನನಗೆ ತಿಳಿಯುತ್ತಿಲ್ಲ ಎಂದು ಹೇಳಬಹುದಿತ್ತು. ಕಿಟಕಿ ತೆರೆ ಎನ್ನಬಹುದಿತ್ತು. ಆ ಎರಡೂ ಮಾತು ಆಗ ನನ್ನ ತಲೆಗೆ ಬಂದವು. ಬಂದಿದ್ದವು ಎಂಬುದು ನನಗೆ ಖಚಿತವಾಗಿ ನೆನಪಿದೆ.

ಲೈಟರ್ ಒಂದು ಸಲ ಚಿಟಕ್ ಅಂತು, ಹತ್ತಲಿಲ್ಲ. ಎರಡನೆಯ ಸಲ ಅವನ ಸೊಂಟದ ಕೆಳಗಿನಿಂದ ನೀಲಿ ಬೆಳಕು ಎದ್ದಿತು. ಒದ್ದೆ ಸೀರೆಯನ್ನು ಜೋರಾಗಿ ಝಾಡಿಸಿದಂಥ ಸದ್ದು. ಬೆಳಕು ಚಾವಣಿಗೆ ಹೋಗಿ ಇಲ್ಲವಾಯಿತು. ಬಿರಪ್ಪ ನಿಂತೇ ಇದ್ದ. ಎರಡೂ ಮುಂಗೈ ಮುಂದೆ ಹಿಡಿದಿದ್ದ. ಅಂಗಿಯ ತೋಳು ಉರಿಯುತ್ತಿತ್ತು. ಅದೇ ಕೈಯಿಂದ ಅವನು ಒಲೆಯ ಗುಂಡಿ ತಿರುಗಿಸಿ ಬಂದ್ ಮಾಡಿದ. ನನ್ನ ಬೆನ್ನ ಹಿಂದಿನಿಂದ ಲಗಮವ್ವ ಬಂದಳು, ನನ್ನನ್ನು ಬದಿಗೆ ತಳ್ಳಿ ಒಳಗೆ ಹೋಗಿ ನೀರಿನ ಕೊಡ ಎತ್ತಿ ಅವನ ಮೇಲೆ ಸುರಿದಳು.

ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಲೋಟ ಕೈಯಲ್ಲಿಯೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ರಿಕ್ಷಾ ಬಂದು ನಿಂತಾಗಲೇ ಸುವರ್ಣಾ ಓಣಿಯ ತಿರುವಿನಲ್ಲಿ ಚೀಲ ಹಿಡಿದು ಬರುತ್ತಿದ್ದಳು. ಓಡಿ ಬಂದಳು.

"ಹೆಂಗಾತ್ರಿ ಕಾಕಾ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆದೆ. ಬಿರಪ್ಪ ರಿಕ್ಷಾದೊಳಗಿಂದ ಹೇಳಿದ, "ನಂದs ತಪ್ಪ. ಯಾರನ್ನೂ ಕೇಳಲಿಲ್ಲ, ಹಚ್ಚಿಬಿಟ್ಟೆ. ನಡೀರಿ."

ನಾನು ಬಾಯಿ ಮುಚ್ಚಿದೆ. ಎರಡನೆಯ ಸಲ ನಾನು ಹಚ್ಚು ಎಂದದ್ದು ಅದೇ ಎಂದು ಈಗ ಅನ್ನಿಸುತ್ತದೆ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಅವನು ಮೂರು ವಾರಕ್ಕೂ ಹೆಚ್ಚು ಇದ್ದ. ನಾನು ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಿಸ್ಟರು "ಕಾಕಾ, ಬಾಹೇರ ಬಸಾ," ಎಂದು ಮರಾಠಿಯಲ್ಲಿ ಹೇಳಿ ಹೊರಗಿನ ಬಾಕಿನ ಮೇಲೆ ಕೂಡಿಸುತ್ತಿದ್ದಳು. ಒಳಗೆ ಬಿಟ್ಟ ಮೊದಲ ದಿನ ಬಿರಪ್ಪನ ಮುಖದ ಮೇಲೆ ಹುಬ್ಬಿರಲಿಲ್ಲ, ಮೀಸೆಯ ಅರ್ಧ ಇರಲಿಲ್ಲ. ಎರಡೂ ಕೈ ಬಟ್ಟೆಯಲ್ಲಿ ಸುತ್ತಿದ್ದವು.

"ಪಾಯಣ್ಣಾ, ಸುಟ್ಟ ಮೀಸಿಗೆ ಯಾವ ವೈನ ಹೊಂದತೈತಿ?" ಎಂದ.

ನಾನು ಅಳತೊಡಗಿದೆ. ಪಕ್ಕದ ಹಾಸಿಗೆಯವನು ಆ ಕಡೆ ಹೊರಳಿದ.

"ಬಿರಪ್ಪಾ, ಅವತ್ತ ನೀ ನನ್ನ ಕೇಳಿದಿ."

"ನಾ ಏನೂ ಕೇಳಿಲ್ಲ."

"ಕೇಳಿದಿ. ನನಗ ಮೂಗು…"

"ಗೊತ್ತೈತಿ ಬಿಡೋ. ದೀಪಾವಳಿಯಿಂದ ಗೊತ್ತೈತಿ."

ದೀಪಾವಳಿಯ ಮುಂದಿನ ರವಿವಾರ ಸುವರ್ಣಾ ಬಂದಿರಲಿಲ್ಲ. ಬಿರಪ್ಪ ಹುಡುಗಾಟಕ್ಕೆ ಅದೇ ಲೋಟದಲ್ಲಿ ಕೋಕಂ ಸರಬತ್ತು ಹಾಕಿ ನನಗೆ ಕೊಟ್ಟಿದ್ದನಂತೆ. ನಾನು ಕಣ್ಣು ಮುಚ್ಚಿ, ಹಳೆಯ ಕಟ್ಟಿಗೆ ಎಂದೆನಂತೆ, ಒಣಗಿದ ಅಂಜೂರ ಎಂದೆನಂತೆ. ಅವನಿಗೆ ನಗಬೇಕೆಂದರೆ ನಗು ಬರಲಿಲ್ಲವಂತೆ.

"ಗೊತ್ತಿದ್ದೂ ಯಾಕ ಕೇಳಿದಿ ಅವತ್ತ?" ಎಂದೆ.

"ನಲವತ್ತ ವರ್ಷ ಕೇಳಾಂವ ಅವತ್ತ ಕೇಳದ ಇದ್ದರ ನಿನಗ ತಿಳೀತಿತ್ತು, ನನಗ ಗೊತ್ತೈತಿ ಅಂತ."

"ನಾ ಹಚ್ಚು ಅಂದಾಗರ ಸುಮ್ಮನಿರಬೇಕಿತ್ತಲ್ಲೋ."

"ಕೇಳಿದ ಮ್ಯಾಲ ನಿನ್ನ ಮಾತ ಹ್ಯಾಂಗ ಮುರೀಲಿ? ಈಗ ತಾನs ಆರಿರಬೇಕು ಅಂದ್ಕೊಂಡೆ. ಆತು ಬಿಡು."

ನಾನು ಬಾಕಿನ ಮೇಲೆ ಕೂತು ಎಷ್ಟೋ ದಿನ ಇದನ್ನು ಯೋಚಿಸಿದ್ದೇನೆ. ನಮ್ಮ ಮೂಗಿಗೆ ತೊಂದರೆಯಾಗಬಾರದೆಂದು ಅವನು ಕಿಟಕಿ ಮುಚ್ಚಿದ. ನನ್ನ ಮುಖ ಕೆಡಬಾರದೆಂದು ಪ್ರಶ್ನೆ ಕೇಳಿದ. ಕೇಳಿದ ಮೇಲೆ ನನ್ನ ಮಾತು ನಿಲ್ಲಬೇಕೆಂದು ಹಚ್ಚಿದ. ಇದರಲ್ಲಿ ಒಂದಾದರೂ ಮರ್ಯಾದೆ ಕಡಿಮೆಯಿದ್ದಿದ್ದರೆ ಅವನ ಕೈ ಉಳಿಯುತ್ತಿತ್ತು.

ನಾನು ಏಳುವ ಮೊದಲು ಅವನು ಹೇಳಿದ, "ಸುವರ್ಣಾಗ ಹೇಳಬ್ಯಾಡ. ಆಕಿ ವಹಿ ತುಂಬ ನೀನs ಅದಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಕೊಟ್ಟಾಗ ನನಗೆ ಹಗುರವಾಯಿತು. ಹೇಳದಿರಲು ಒಂದು ಒಳ್ಳೆಯ ಕಾರಣ ಸಿಕ್ಕಿತ್ತು.

ಗಾಯ ಮಾಯಿತು, ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಮಗ್ಗದ ಕೆಲಸ ಮುಗಿಯಿತು. ಬಿರಪ್ಪ ಊರಿಗೆ, ಗಡಹಿಂಗ್ಲಜದ ಕಡೆಗೆ, ತಮ್ಮಂದಿರ ಜೊತೆ ಇರಲು ಆಗಾಗ ಹೋಗತೊಡಗಿದ. ಒಂದು ವರ್ಷದ ಮೇಲೆ ಅಲ್ಲಿಯೇ, ಬೆಳಗಿನ ಹೊತ್ತು, ಕುರಿ ಎಣಿಸುತ್ತ ಕೂತವನು ಹಾಗೆಯೇ ಒರಗಿದ. ಎದೆ ನಿಂತಿತ್ತು. ಸುಟ್ಟ ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಈಗ ಕಳೆದ ತಿಂಗಳ ಮಾತು. ಸುವರ್ಣಾ ಬಂದಿದ್ದಳು. ಅವಳ ಹೋಟೆಲಿನವರು ವಾರದ ಕೊನೆಯ ಎರಡು ದಿನ ನಮ್ಮ ಕಡೆಯ ಮನೆಯೂಟ ಬಡಿಸುವುದೆಂದು ಗೊತ್ತು ಮಾಡಿದ್ದಾರೆ. ಪ್ರತಿ ಪದಾರ್ಥದ ಮುಂದೆ ಒಂದು ಸಣ್ಣ ಕಾರ್ಡು, ಅದರ ಮೇಲೆ ಯಾವ ವೈನು, ಅದರ ಪರಿಮಳ ಎಂಥದು ಎಂದು ಎರಡು ಸಾಲು. ಸಾಲುಗಳೆಲ್ಲ ವಹಿಯಿಂದ ತೆಗೆದದ್ದು. ಕೆಳಗೆ "ಪಾಯಣ್ಣಾ ಕಾಕಾ" ಎಂದು ಹಾಕುತ್ತೇನೆ, ಒಪ್ಪಿಗೆ ಕೊಡಿ ಎಂದಳು. ಲಗಮವ್ವ ಮೊರದಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದಳು. ಸುವರ್ಣಾ ಒಂದು ಕಾರ್ಡನ್ನು ಬೇರೆಯಾಗಿ ತೆಗೆದು ನನ್ನ ಕೈಗೆ ಕೊಟ್ಟಳು.

"ಇದನ್ನ ಅಪ್ಪ ದವಾಖಾನ್ಯಾಗ ಹೇಳಿ ಬರಸಿದ್ನರಿ. ಅವತ್ತ ನೀವು ಹೇಳಿದ್ದಂತ. ಅಂವಾ ಮಾಡಿದ ಕಡೀ ರಸ್ಸಾ ಅದು. ಇದನ್ನ ಮೊದಲ ಇಡತೇನಿ."

ಹಣ್ಣಾದ ನೇರಳೆ, ಮಳೆಗೆ ತೊಯ್ದ ಕಂಬಳಿ, ಎಂದು ಅಚ್ಚಾಗಿತ್ತು.

ಬಿರಪ್ಪನಿಗೆ ಕೊಟ್ಟ ಮಾತಿತ್ತು. ಆದರೆ ಆ ಮಾತಿನಿಂದ ಇಷ್ಟು ದಿನ ಯಾರು ಉಳಿದರು ಎಂದು ನೋಡಿಕೊಂಡರೆ ನಾನೊಬ್ಬನೇ ಇದ್ದೆ.

"ಇದು ಸುಳ್ಳವ್ವ," ಎಂದೆ. "ಅವತ್ತ ನನಗ ಯಾವ ವಾಸನೀನೂ ಬಂದಿಲ್ಲ. ಜ್ವರ ಬಂದ ಮ್ಯಾಲ ಮೂಗ ಹೋಗೇತಿ. ಯಾರಿಗೂ ಹೇಳಿಲ್ಲ."

ಅವಳು ನಗಲು ಹೋಗಿ ನಿಲ್ಲಿಸಿದಳು. ಅವಳು ಹುಷಾರಿ, ಎರಡನೆಯ ಮಾತಿಗೇ ಬರಬೇಕಾದಲ್ಲಿಗೆ ಬಂದಳು.

"ಅಪ್ಪ ನಿಮ್ಮನ್ನ ಕೇಳಿದ್ನೇನ್ರಿ? ಗ್ಯಾಸ್?"

"ಕೇಳಿದ."

"ನೀವು?"

"ಏನೂ ಇಲ್ಲ, ಹಚ್ಚು ಅಂದೆ."

ಲಗಮವ್ವ ಶೇಂಗಾದಿಂದ ಕಣ್ಣೆತ್ತಲಿಲ್ಲ. "ಹೌದು, ಅಂದ್ರು," ಎಂದಳು. "ನಾ ಮಾಳಿಗಿ ಪಾವಟಿಗಿ ಇಳೀತಿದ್ದೆ. ಇಬ್ಬರದೂ ಕೇಳಿಸ್ತು."

"ಅವ್ವಾ, ನಿನಗ ಗೊತ್ತಿತ್ತು?"

"ನಿಮ್ಮಪ್ಪ ಹೇಳಬ್ಯಾಡ ಅಂದಿದ್ದ." ಆಮೇಲೆ ನನ್ನ ಕಡೆ ನೋಡಿದಳು. "ಅಣ್ಣಾರು ತಾವs ಹೇಳ್ತಾರ ಅಂತ ನಾ ದಾರಿ ನೋಡಿದೆ. ಮೂರ ವರ್ಷ ಆತ್ರಿ."

ಸುವರ್ಣಾ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡಳು. ಹರಿಯಲಿಲ್ಲ, ಕಿಸೆಯಲ್ಲಿಟ್ಟುಕೊಂಡಳು. ವಹಿ ತಂದು ನನ್ನ ಮುಂದೆ ಇಟ್ಟು, ಒಂದು ಪೆನ್ಸಿಲು ಕೊಟ್ಟು, ಖರೆ ಯಾವುದು ಸುಳ್ಳು ಯಾವುದು ಗುರುತು ಮಾಡಿ ಎಂದಳು. ನಾನು ಒಂದೊಂದು ಹಾಳೆ ತಿರುವಿದೆ. ಪೇರಲ, ಖರೆ. ಸುಣ್ಣದ ಗೋಡೆ, ಖರೆ. ಜ್ವರದ ನಂತರದ ಹದಿನಾಲ್ಕು ಹಾಳೆಗಳಿಗೆ ಅಡ್ಡ ಗೆರೆ ಎಳೆದೆ. ಅವೇ ಓದಲು ಚೆಂದ ಇದ್ದವು. ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ದಿನ ನಾನು ಊಟ ಮಾಡಲಿಲ್ಲ. ಪದ್ಮಾವತಿ ಏಕೆ ಎಂದು ಕೇಳಿದಳು, ಅವಳಿಗೂ ಹೇಳಿದೆ. ಅವಳೂ ಉಣ್ಣಲಿಲ್ಲ.

ವಹಿಯ ಮುಂದಿನಿಂದ ನಾನು ಏಳುವಾಗ ಸುವರ್ಣಾ ಕ್ಷಮಿಸಿದೆ ಎಂದು ಹೇಳಲಿಲ್ಲ, ಬೈಯಲೂ ಇಲ್ಲ. "ಎಲ್ಲಿ ನಿಂತಿದ್ರಿ, ಎಷ್ಟ ಗಂಟೇಕ, ಅಪ್ಪ ಏನಂದ, ನೀವೇನಂದ್ರಿ, ಎಲ್ಲಾ ಬರದ ಕೊಡ್ರಿ. ಬಾಯಿಲೆ ಬ್ಯಾಡ. ನೀವು ಬಾಯಿಲೆ ಭಾಳ ಛಲೋ ಹೇಳ್ತೀರಿ," ಎಂದಳು.

ಅವಳಿಗೆ ಎರಡು ಹಾಳೆ ಬರೆದು ಕೊಟ್ಟೆ. ಈಗ ನೀವು ಓದಿದ್ದರಲ್ಲಿ ಗಾಣ, ಗಂಜಿ, ಹೆಂಡತಿಯ ಮಾತು ಎಲ್ಲ ಆಮೇಲೆ ಸೇರಿಸಿದ್ದು. ನಿಂತ ಜಾಗ, ಹೊತ್ತು, ಪ್ರಶ್ನೆ, ಉತ್ತರ ಆ ಹಾಳೆಯಲ್ಲಿದ್ದಂತೆಯೇ ಇವೆ. ಅವಳಿಂದ ಇನ್ನೂ ಫೋನು ಬಂದಿಲ್ಲ.

ಆ ಹೊತ್ತಿನಲ್ಲಿ ಅಲ್ಲಿದ್ದವರು ಮೂವರು. ಬಿರಪ್ಪ ಇಲ್ಲ. ನಾನು ಬಿಟ್ಟರೆ ಕಣ್ಣಾರೆ ಕಂಡು ಕಿವಿಯಾರೆ ಕೇಳಿದವಳು ಲಗಮವ್ವ, ಬಿರಪ್ಪನ ಹೆಂಡತಿ, ಮಾಳಿಗೆಯ ಮೆಟ್ಟಿಲ ಮೇಲೆ ಕೆಳಗಿನಿಂದ ಮೂರನೆಯದರಲ್ಲಿ ಇದ್ದಳು. ಅವಳು ಬದುಕಿದ್ದಾಳೆ, ಅದೇ ಮನೆಯಲ್ಲಿದ್ದಾಳೆ. ನಾನು ಬರೆದದ್ದನ್ನು ಅವಳ ಮುಂದೆ ಓದಿಸಿ ಕೇಳಬಹುದು.